ಡಿಎನ್‌ಎ ಹೋಲಿಕೆಗೆ ಚಿತ್ರ ಬಳಸುವುದಾದರೆ ಯಾವ ಚಿತ್ರ?

ಮೊದಲು ಎರಡು ಜೋಡಿ ಸೀಕ್ವೆನ್ಸ್, ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ಡಿಎನ್‌ಎ ಅಕ್ಷರಗಳ ಸಾಲು, ನೋಡೋಣ.

ಒಂದನೇ ಜೋಡಿ ಮನುಷ್ಯರ ಬೀಟಾ ಗ್ಲೋಬಿನ್ (ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗ) ಜೀನಿನದು. ಪ್ರೋಟೀನ್ ಕಟ್ಟುವ ಭಾಗವನ್ನಷ್ಟೇ ತೆಗೆದುಕೊಂಡರೆ 444 ಅಕ್ಷರ. ಅದು ಶುರುವಾಗುವುದು ಹೀಗೆ: ಎಟಿಜಿ, ಜಿಟಿಜಿ, ಸಿಎಟಿ, ಸಿಟಿಜಿ, ಎಸಿಟಿ, ಸಿಸಿಟಿ, ಜಿಎಜಿ. ಸಿಕಲ್ ಸೆಲ್ ಕಾಯಿಲೆ ಇದ್ದವರಲ್ಲಿ ಆ ಕೊನೆಯ ಜಿಎಜಿ ಜಾಗದಲ್ಲಿ ಜಿಟಿಜಿ ಇರುತ್ತದೆ. 20ನೇ ಅಕ್ಷರ ಎ ಹೋಗಿ ಟಿ ಬಂದಿದೆ, ಅಷ್ಟೇ. ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಕುಟುಂಬಗಳಲ್ಲಿ ಈ ಒಂದು ಅಕ್ಷರ ಎಷ್ಟು ನೋವು ತರುತ್ತದೆ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಎರಡೂ ಸೀಕ್ವೆನ್ಸನ್ನು ಒಂದರ ಕೆಳಗೆ ಒಂದು ಬರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದರೆ ಎರಡನ್ನೂ ಚುಕ್ಕಿಗಳ ಚಿತ್ರ (ಮುಂದೆ ಹೇಳುವ ಸಿಜಿಆರ್ ಥರದ್ದು) ಮಾಡಿ ಪಕ್ಕಪಕ್ಕ ಇಟ್ಟರೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಎರಡನೇ ಜೋಡಿ ಮನುಷ್ಯರ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಡಿಎನ್‌ಎ. ಎಲ್ಲರೂ ಹೋಲಿಕೆಗೆ ಇಟ್ಟುಕೊಳ್ಳುವ ರೆಫರೆನ್ಸ್ ಪ್ರತಿಯಲ್ಲಿ 16,569 ಅಕ್ಷರ. ಅದು ಬಳೆಯ ಹಾಗೆ ದುಂಡಗಿದೆ. ಎಣಿಕೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಾವು ಮಾಡಿಕೊಂಡ ಏರ್ಪಾಡು. ಒಬ್ಬರು ಒಂದು ಕಡೆ ಕತ್ತರಿಸಿ ಫೈಲ್ ಮಾಡಿದರು, ಇನ್ನೊಬ್ಬರು ಅದನ್ನೇ ನಡುವೆ ಕತ್ತರಿಸಿದರು ಅಂತಿಟ್ಟುಕೊಳ್ಳಿ. ಎರಡು ಸೀಕ್ವೆನ್ಸನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ತುದಿಯಿಂದ ತುದಿಗೆ ಜೋಡಿಸುವ ಅಲೈನ್‌ಮೆಂಟ್ ಈಗ ಮುಗ್ಗರಿಸುತ್ತದೆ. ಆದರೆ ಡಾಟ್ ಪ್ಲಾಟ್ ಎಂಬ ಇನ್ನೊಂದು ಚುಕ್ಕಿ ಚಿತ್ರ ಎರಡೂ ಒಂದೇ ಅಂತ ತಕ್ಷಣ ಹೇಳಿಬಿಡುತ್ತದೆ.

ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು "ಯಾವ ಇಮೇಜ್ ವಿಧಾನ ಒಳ್ಳೇದು?" ಅಂತ ಕೇಳಿದಾಗ ನಾನು ಈ ಎರಡು ಜೋಡಿಯನ್ನೇ ಮುಂದಿಡುತ್ತೇನೆ. ಯಾವ ಅಕ್ಷರ ಬದಲಾಗಿದೆ ಅಂತ ಹುಡುಕುತ್ತಿದ್ದೀರಾ? ಯಾವ ತುಂಡು ಎಲ್ಲಿಗೆ ಹೋಗಿ ಕೂತಿದೆ ಅಂತಲಾ? ಅಥವಾ ಇದು ಯಾರ ಕುಲದ್ದು ಅಂತಲಾ? ಈ ಮೂರು ಪ್ರಶ್ನೆಗೆ ಮೂರು ಬೇರೆ ಚಿತ್ರ ಬೇಕು.

ಡಾಟ್ ಪ್ಲಾಟ್: ತುಂಡು ಎಲ್ಲಿ ಕೂತಿದೆ ಅಂತ ನೋಡಲು

ಇದು ಹಳೆಯದು. 1970ರಲ್ಲಿ ಗಿಬ್ಸ್ ಮತ್ತು ಮ್ಯಾಕಿಂಟೈರ್ ಕೊಟ್ಟದ್ದು. ಒಂದು ಸೀಕ್ವೆನ್ಸನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಬರೆಯಿರಿ. ಅಕ್ಷರ ಹೊಂದಿದ ಮನೆಯಲ್ಲಿ ಚುಕ್ಕಿ ಇಡಿ. ಎರಡೂ ಒಂದೇ ಆಗಿದ್ದರೆ ಮೂಲೆಯಿಂದ ಮೂಲೆಗೆ ಓರೆ ಗೆರೆ ಮೂಡುತ್ತದೆ.

ಇದನ್ನು ಓದಲು ಕಲಿಯುವುದಕ್ಕೆ ಅರ್ಧ ಗಂಟೆ ಸಾಕು. ಗೆರೆ ನಡುವೆ ಜರುಗಿದ್ದರೆ ಅಲ್ಲಿ ಅಕ್ಷರ ಸೇರಿಕೊಂಡಿದೆ ಅಥವಾ ಬಿಟ್ಟುಹೋಗಿದೆ. ಪಕ್ಕದಲ್ಲೇ ಅದಕ್ಕೆ ಸಮವಾಗಿ ಇನ್ನೊಂದು ಗೆರೆ ಇದ್ದರೆ ಅದು ಪುನರಾವರ್ತನೆ. ಎದುರು ದಿಕ್ಕಿಗೆ ವಾಲಿದ ಗೆರೆ ಇದ್ದರೆ ಆ ತುಂಡು ತಿರುಗಿ ಕೂತಿದೆ. ಆದರೆ ಈ ಕೊನೆಯದು ಕಾಣಬೇಕಾದರೆ ಡಿಎನ್‌ಎಯ ಎರಡು ಎಳೆಗಳಲ್ಲಿ ಎದುರು ಎಳೆಯ ಅಕ್ಷರಗಳನ್ನೂ ಹೋಲಿಸಲು ಪ್ರೋಗ್ರಾಂಗೆ ಹೇಳಿರಬೇಕು. ನಮ್ಮ ಮೈಟೊಕಾಂಡ್ರಿಯ ಜೋಡಿಯಲ್ಲಿ ಗೆರೆ ಎರಡು ತುಂಡಾಗಿ, ಒಂದು ಮೇಲೆ, ಒಂದು ಕೆಳಗೆ ಬರುತ್ತದೆ. ಎಲ್ಲಿ ಕತ್ತರಿಸಿದ್ದಾರೆ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಇದು ಬೇರೆ ಯಾವ ಚಿತ್ರವೂ ಕೊಡದ ಉಪಕಾರ.

ತೊಂದರೆ ಎಂದರೆ ಗದ್ದಲ. ನಾಲ್ಕೇ ಅಕ್ಷರ ಇರುವುದರಿಂದ ಸುಮ್ನೆ ಹೋಲಿಸಿದರೂ ನಾಲ್ಕರಲ್ಲಿ ಒಂದು ಮನೆ ತುಂಬಿಬಿಡುತ್ತದೆ. ಅದಕ್ಕೇ ಒಂದೊಂದು ಅಕ್ಷರ ನೋಡುವ ಬದಲು ಒಂದು ಕಿಟಕಿ ಇಡುತ್ತಾರೆ. ಉದಾಹರಣೆಗೆ 11 ಅಕ್ಷರದಲ್ಲಿ 9 ಹೊಂದಿದರೆ ಮಾತ್ರ ಚುಕ್ಕಿ. ಕಿಟಕಿ ಚಿಕ್ಕದಾದರೆ ಮಂಜು ಕವಿದ ಹಾಗೆ, ತೀರಾ ದೊಡ್ಡದಾದರೆ ನಿಜವಾದ ಗೆರೆಯೂ ಅಳಿಸಿಹೋಗುತ್ತದೆ. ಒಂದೇ ಅಳತೆಗೆ ಅಂಟಿಕೊಳ್ಳದೆ ಎರಡು ಮೂರು ಅಳತೆಯಲ್ಲಿ ಮಾಡಿ ನೋಡಿ.

ಇನ್ನೊಂದು ಮಿತಿ ಪರದೆಯದು. ಇ. ಕೋಲಿ ಕೆ-12 ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ, ಸುಮಾರು 46 ಲಕ್ಷ ಅಕ್ಷರ. ಅದನ್ನು 1,000 ಪಿಕ್ಸೆಲ್ ಅಗಲದ ಪರದೆಗೆ ತಂದರೆ ಒಂದೊಂದು ಪಿಕ್ಸೆಲ್ 4,600 ಅಕ್ಷರವನ್ನು ಹೊತ್ತಿರುತ್ತದೆ. ಅಲ್ಲಿ ದೊಡ್ಡ ತಿರುವು ಮುರುವು ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಒಂದೆರಡು ಜೋಡಿಗಾದರೆ ಗೆಪಾರ್ಡ್, ಡಾಟರ್ ಎಂಬ ಪ್ರೋಗ್ರಾಂ ಸಾಕು. ಪೂರ್ತಿ ಜೀನೋಮಿಗೆ ಡಿ-ಜೀನೀಸ್ ಥರದ್ದು ಹಿಡಿಯಿರಿ. ನೂರು ಸೀಕ್ವೆನ್ಸ್ ಇದ್ದರೆ ಮಾತ್ರ ಈ ದಾರಿಗೆ ಬರಬೇಡಿ. ನೂರಕ್ಕೆ 4,950 ಜೋಡಿಯಾಗುತ್ತದೆ, ಅಷ್ಟನ್ನು ಕಣ್ಣಲ್ಲಿ ನೋಡುವವರು ಯಾರು?

ನಡಿಗೆಯ ಚಿತ್ರ

ಪ್ರತಿ ಅಕ್ಷರಕ್ಕೆ ಒಂದು ಹೆಜ್ಜೆ. ಎ ಬಂದರೆ ಎಡಕ್ಕೆ, ಜಿ ಬಂದರೆ ಬಲಕ್ಕೆ, ಸಿ ಬಂದರೆ ಮೇಲಕ್ಕೆ, ಟಿ ಬಂದರೆ ಕೆಳಕ್ಕೆ. ಈ ಕ್ರಮ ಆಶೇಶ್ ನಂದಿ ಅವರದು. 1994ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲೇ ಬಂದದ್ದು, ಅದೂ ಗ್ಲೋಬಿನ್ ಜೀನುಗಳನ್ನು ಉದಾಹರಣೆಗೆ ಇಟ್ಟುಕೊಂಡು. ನನಗೆ ಇದರ ಮೇಲೆ ಪ್ರೀತಿ ಇದೆ. ಕಾಲೇಜಿನ ಮಕ್ಕಳಿಗೆ ಚೌಕುಳಿ ಹಾಳೆ ಕೊಟ್ಟು ಪೆನ್ಸಿಲಿನಲ್ಲೇ ಬರೆಸಬಹುದು.

ಆದರೆ ಹೋಲಿಕೆಗೆ ಇದು ಸ್ವಲ್ಪ ದುರ್ಬಲ. ಎಜಿಎಜಿಎಜಿ ಅಂತ ಬಂದರೆ ಕಾಲು ಅದೇ ಗೆರೆ ಮೇಲೆ ಹಿಂದೆ ಮುಂದೆ ಆಡುತ್ತದೆ. ಮೂರು ಸಲ ಬಂದಿತೋ ಮೂವತ್ತು ಸಲ ಬಂದಿತೋ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಈ ಕೊರತೆ ನೀಗಿಸಲು ಮೂರು ಆಯಾಮದ ನಡಿಗೆಗಳೂ ಇವೆ. ನಡಿಗೆ ನಿಜಕ್ಕೂ ಕೆಲಸಕ್ಕೆ ಬರುವುದು ಒಂದೇ ಸೀಕ್ವೆನ್ಸಿನ ಉದ್ದಕ್ಕೂ ಏನು ಬದಲಾಗುತ್ತಿದೆ ಅಂತ ನೋಡುವಾಗ. ಬ್ಯಾಕ್ಟೀರಿಯಾದಲ್ಲಿ ಜಿ ಬಂದರೆ ಒಂದು ಕೂಡಿ, ಸಿ ಬಂದರೆ ಒಂದು ಕಳೆದು ಗೆರೆ ಎಳೆದರೆ, ಗೆರೆಯ ತಗ್ಗು ಸಾಮಾನ್ಯವಾಗಿ ಡಿಎನ್‌ಎ ನಕಲು ಶುರುವಾಗುವ ಜಾಗದ ಹತ್ತಿರ ಬೀಳುತ್ತದೆ.

ಸಿಜಿಆರ್: ಕುಲದ ಗುರುತು ಹಿಡಿಯಲು

ಇಮೇಜ್ ಅನಾಲಿಸಿಸ್ ಅಂತ ಜನ ಹೇಳುವಾಗ ಬಹುಮಟ್ಟಿಗೆ ಇದನ್ನೇ ಹೇಳುತ್ತಿರುತ್ತಾರೆ. ಕೇಯಾಸ್ ಗೇಮ್ ರೆಪ್ರೆಸೆಂಟೇಶನ್, ಚಿಕ್ಕದಾಗಿ ಸಿಜಿಆರ್. 1990ರಲ್ಲಿ ಜೆಫ್ರಿ ಕೊಟ್ಟದ್ದು. ಇದನ್ನು ಒಂದು ಸಲ ಕೈಯಲ್ಲೇ ಮಾಡಿ ನೋಡಿ, ಆಮೇಲೆ ಪ್ರೋಗ್ರಾಂ ಮುಟ್ಟಿ.

ಒಂದು ಚೌಕ ಬರೆಯಿರಿ, ಬದಿ 1. ಕೆಳಗೆ ಎಡ ಮೂಲೆ ಎ, ಮೇಲೆ ಎಡ ಸಿ, ಮೇಲೆ ಬಲ ಜಿ, ಕೆಳಗೆ ಬಲ ಟಿ. ನಡುವಿನ ಬಿಂದುವಿನಲ್ಲಿ ಬೆರಳಿಡಿ: 0.5, 0.5. ನಮ್ಮ ಸೀಕ್ವೆನ್ಸ್ ಜಿಎಟಿ ಅಂತಿಟ್ಟುಕೊಳ್ಳಿ. ಮೊದಲು ಜಿ ಬಂತು, ಜಿ ಮೂಲೆಯತ್ತ ಅರ್ಧ ದೂರ ಹೋಗಿ ಚುಕ್ಕಿ ಇಡಿ: 0.75, 0.75. ಆಮೇಲೆ ಎ. ಅಲ್ಲಿಂದ ಎ ಮೂಲೆಯತ್ತ ಅರ್ಧ: 0.375, 0.375. ಕೊನೆಗೆ ಟಿ: 0.6875, 0.1875.

ಈ ಕೊನೆಯ ಚುಕ್ಕಿ ಎಲ್ಲಿದೆ ನೋಡಿ. ಟಿ ಮೂಲೆಯ ಕಾಲು ಚೌಕದಲ್ಲಿದೆ. ಆ ಕಾಲು ಚೌಕವನ್ನು ಮತ್ತೆ ನಾಲ್ಕು ಮಾಡಿದರೆ ಅದರೊಳಗೆ ಎ ಇರಬೇಕಾದ ಮೂಲೆಯಲ್ಲಿದೆ. ಅದರೊಳಗೆ ಮತ್ತೆ ನಾಲ್ಕು ಮಾಡಿದರೆ ಜಿ ಮೂಲೆ. ಅಂದರೆ ಚುಕ್ಕಿ ಬಿದ್ದ ಜಾಗವೇ ಅದರ ಹಿಂದಿನ ಅಕ್ಷರಗಳ ವಿಳಾಸ. ಮಗ, ಅಪ್ಪ, ಅಜ್ಜ ಅಂತ ಹಿಂದಕ್ಕೆ ಓದಿಕೊಂಡು ಹೋದ ಹಾಗೆ. ಇದು ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ.

ಚೌಕವನ್ನು ಮನೆಗಳಾಗಿ ಕತ್ತರಿಸಿ ಒಂದೊಂದು ಮನೆಯಲ್ಲಿ ಎಷ್ಟು ಚುಕ್ಕಿ ಅಂತ ಎಣಿಸಿದರೆ ಅದು ಎಫ್‌ಸಿಜಿಆರ್. ಆರು ಅಕ್ಷರದ ಪದಗಳನ್ನು (ಸೀಕ್ವೆನ್ಸಿನಲ್ಲಿ ಒಂದರ ಪಕ್ಕ ಒಂದು ಬರುವ ಆರು ಅಕ್ಷರ) ಎಣಿಸಿದರೆ 64ಕ್ಕೆ 64, ಒಟ್ಟು 4,096 ಮನೆ. ಹೆಚ್ಚು ಚುಕ್ಕಿ ಇದ್ದ ಮನೆಗೆ ಕಪ್ಪು ಬಣ್ಣ, ಕಡಿಮೆ ಇದ್ದದ್ದಕ್ಕೆ ಬಿಳಿ. ನಿಮ್ಮ ಚಿತ್ರ ತಯಾರು.

ಮನುಷ್ಯರ ಬೀಟಾ ಗ್ಲೋಬಿನ್ ಜೀನುಗಳ ಸುತ್ತಲಿನ ಸುಮಾರು 73,000 ಅಕ್ಷರದ ಪ್ರದೇಶಕ್ಕೆ ಇದನ್ನು ಮಾಡಿದರೆ ಜಿ ಕಾಲು ಚೌಕದೊಳಗೆ ಮೇಲೆ ಎಡಗಡೆ ಒಂದು ಬೋಳು ಜಾಗ ಕಾಣುತ್ತದೆ. ಅದರ ಮರಿಗಳ ಹಾಗೆ ಚಿತ್ರದ ತುಂಬ ಸಣ್ಣ ಸಣ್ಣ ಬೋಳು. ಅದು ಸಿ ಆದಮೇಲೆ ಜಿ ಬರುವ ವಿಳಾಸ. ಬೆನ್ನೆಲುಬಿನ ಪ್ರಾಣಿಗಳಲ್ಲಿ ಈ ಜೋಡಿ ಅಪರೂಪ. ಜಿ ಪಕ್ಕದ ಸಿ ಮೇಲೆ ಮೀಥೈಲ್ ಗುಂಪು ಕೂರುತ್ತದೆ, ಕಾಲ ಕಳೆದಂತೆ ಅಂಥ ಸಿ ಟಿ ಆಗಿಬಿಡುತ್ತದೆ. ಕೋಟ್ಯಂತರ ವರ್ಷದ ಸವೆತ ಒಂದು ಚಿತ್ರದಲ್ಲಿ ಬೋಳು ಮಚ್ಚೆಯಾಗಿ ಕಾಣುತ್ತದೆ. ನಾನು ಮೊದಲ ಸಲ ನೋಡಿದ ದಿನ ಬೇರೆ ಕೆಲಸ ಮಾಡಲಾಗಲಿಲ್ಲ.

ಈ ಚಿತ್ರದ ಬಲ ಏನೆಂದರೆ, ಒಂದೇ ಜೀವಿಯ ಬೇರೆ ಬೇರೆ ತುಂಡು ತೆಗೆದುಕೊಂಡರೂ ಚಿತ್ರ ಸಾಮಾನ್ಯವಾಗಿ ಒಂದೇ ಥರ ಬರುತ್ತದೆ. 1999ರಲ್ಲಿ ದೆಶಾವನ್ ಮತ್ತು ಜೊತೆಗಾರರು ಇದನ್ನು ಜೀನೋಮಿನ ಸಹಿ ಎಂದು ತೋರಿಸಿದರು. ತುಂಡುಗಳ ಕ್ರಮ ಏರುಪೇರಾದರೂ ಸಹಿ ಹೆಚ್ಚು ಬದಲಾಗುವುದಿಲ್ಲ. ಅದರ ದೌರ್ಬಲ್ಯವೂ ಅದೇ: ಯಾವುದು ಎಲ್ಲಿತ್ತು ಅನ್ನುವುದು ಎಣಿಕೆಯಲ್ಲಿ ಕರಗಿಹೋಗಿದೆ.

ಸಿಕಲ್ ಸೆಲ್ ಜೋಡಿಗೆ ಬನ್ನಿ. 444 ಅಕ್ಷರದಲ್ಲಿ ಆರು ಅಕ್ಷರದ ಪದ 439. ಒಂದು ಅಕ್ಷರ ಬದಲಾದರೆ ಹೆಚ್ಚೆಂದರೆ ಆರು ಪದ ಹೋಗಿ ಆರು ಹೊಸದು ಬರುತ್ತವೆ. ಕೊರೊನಾ ವೈರಸ್ಸಿನ ರೆಫರೆನ್ಸ್ ಜೀನೋಮ್ 29,903 ಅಕ್ಷರ. ಓಮಿಕ್ರಾನ್ ತಳಿಯಲ್ಲಿ 50ರ ಆಸುಪಾಸು ಬದಲಾವಣೆ ಇದ್ದವು. ಅಂದರೆ 30,000 ಪದಗಳಲ್ಲಿ ಸುಮಾರು 300, ನೂರಕ್ಕೆ ಒಂದು. ತಳಿ ಬೇರೆ ಮಾಡಲು ಸಿಜಿಆರ್ ಹಿಡಿದುಕೊಂಡು ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ. ಅಲ್ಲಿ ಅಲೈನ್‌ಮೆಂಟ್ ನೇರವಾಗಿ ಯಾವ ಅಕ್ಷರ ಅಂತ ಹೇಳುತ್ತದೆ.

ಎಷ್ಟು ಮನೆ ಮಾಡಬೇಕು?

ಇಲ್ಲಿ ತಪ್ಪು ಜಾಸ್ತಿ ಆಗುತ್ತದೆ. ಚಿತ್ರ ದೊಡ್ಡದಾದಷ್ಟೂ ಒಳ್ಳೇದು ಅಂತ ಎಂಟು ಅಕ್ಷರದ ಪದ ಹಿಡಿದು 256ಕ್ಕೆ 256 ಮಾಡುತ್ತಾರೆ. 65,536 ಮನೆ ಆಯಿತು. ಕೊರೊನಾ ವೈರಸ್ಸಿನಲ್ಲಿ ಅಷ್ಟು ಅಕ್ಷರವೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಮನೆ ಖಾಲಿ, ಉಳಿದದ್ದರಲ್ಲಿ ಒಂದು ಎರಡು. ನೀವು ಹೋಲಿಸುತ್ತಿರುವುದು ಖಾಲಿ ಮನೆಗಳನ್ನು.

ನನ್ನ ಲೆಕ್ಕ ಸರಳ. ಸರಾಸರಿ ಒಂದು ಮನೆಗೆ ನಾಲ್ಕಾದರೂ ಚುಕ್ಕಿ ಬರಬೇಕು. ಮೈಟೊಕಾಂಡ್ರಿಯಕ್ಕೆ ಆರು ಅಕ್ಷರದ ಪದ ಹಿಡಿದರೆ 16,569ಕ್ಕೆ 4,096 ಮನೆ, ಸರಿಯಾಗಿ ನಾಲ್ಕು ಬರುತ್ತದೆ. ಐದು ಹಿಡಿದರೆ 1,024 ಮನೆ, ತಲಾ ಹದಿನಾರು. ಎರಡರಲ್ಲೂ ಮಾಡಿ ನೋಡಿ, ಉತ್ತರ ಬದಲಾಗಬಾರದು. ಬ್ಯಾಕ್ಟೀರಿಯಾದ ಪೂರ್ತಿ ಜೀನೋಮಿಗೆ ಎಂಟು ಒಂಬತ್ತು ಧಾರಾಳ. ಬೀಟಾ ಗ್ಲೋಬಿನ್ನಿನ 444 ಅಕ್ಷರಕ್ಕೆ ಮೂರು ಹಿಡಿದರೇ ಹೆಚ್ಚು.

ಉದ್ದ ಬೇರೆ ಬೇರೆ ಇದ್ದರೆ ಒಟ್ಟು ಪದಗಳ ಸಂಖ್ಯೆಯಿಂದ ಭಾಗಿಸಿ. ಎನ್ ಅಂತ ಇರುವ ಕಡೆ, ಅಂದರೆ ಯಂತ್ರಕ್ಕೆ ಓದಲಾಗದ ಅಕ್ಷರ, ಆ ಪದವನ್ನು ಬಿಟ್ಟುಬಿಡಿ. ಎ ಅಂತ ತುಂಬಬೇಡಿ. ಎರಡು ಎಳೆಗಳಲ್ಲಿ ಯಾವುದನ್ನು ಓದಿದ್ದಾರೆ ಅಂತ ಖಾತ್ರಿ ಇಲ್ಲದಿದ್ದರೆ ಎರಡೂ ಎಳೆಯ ಪದಗಳನ್ನು ಕೂಡಿಸಿ ಎಣಿಸಿ. ಕೊರೊನಾ ವೈರಸ್ಸಿನ ರೆಫರೆನ್ಸ್ ಫೈಲಿನ ಕೊನೆಯಲ್ಲಿ 33 ಎ ಸಾಲಾಗಿ ಇವೆ. ಆ ಬಾಲ ಒಂದೇ ಎಎಎಎಎಎ ಮನೆಗೆ 28 ಚುಕ್ಕಿ ಸುರಿಯುತ್ತದೆ. ಎಷ್ಟೋ ಫೈಲುಗಳಲ್ಲಿ ಆ ಬಾಲ ಇರುವುದಿಲ್ಲ. ಇದನ್ನು ನೋಡದೆ ಹೋಲಿಸಿದರೆ ಬಾಲ ಇದ್ದವು ಒಂದು ಕಡೆ, ಇಲ್ಲದವು ಒಂದು ಕಡೆ ಗುಂಪಾಗುತ್ತವೆ.

ಫೋಟೋ ಅಲ್ಲ ಅನ್ನುವುದು ನೆನಪಿರಲಿ

ಚಿತ್ರ ಅಂದಮೇಲೆ ಫೋಟೋಗೆ ಮಾಡುವುದನ್ನೆಲ್ಲ ಮಾಡಲು ಕೈ ಹೋಗುತ್ತದೆ. ನಾನೂ ಮಾಡಿದ್ದೇನೆ. ಒಂದು ಸಲ ಜಾಗ ಉಳಿಸಲು ಎಲ್ಲ ಎಫ್‌ಸಿಜಿಆರ್ ಚಿತ್ರಗಳನ್ನು ಜೆಪೆಗ್ ಮಾಡಿಟ್ಟೆ. ದೂರದ ಸಂಬಂಧಿಗಳು ಹತ್ತಿರ ಬರತೊಡಗಿದವು. ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಖಾಲಿ ಇರಬೇಕಾದ ಒಂದು ಮನೆಯ ಬೆಲೆ ಮುದ್ರಿಸಿ ನೋಡಿದರೆ ಸೊನ್ನೆ ಇರಲಿಲ್ಲ. ಜೆಪೆಗ್ 8ಕ್ಕೆ 8 ಪಿಕ್ಸೆಲಿನ ತುಂಡು ತುಂಡಾಗಿ ಒತ್ತುತ್ತದೆ. ಅಕ್ಕಪಕ್ಕದ ಮನೆಯ ಎಣಿಕೆ ಖಾಲಿ ಮನೆಗೆ ಸೋರಿತ್ತು. ಅಂದಿನಿಂದ ಚಿತ್ರ ತೋರಿಸಲು ಪಿಎನ್‌ಜಿ, ಲೆಕ್ಕಕ್ಕೆ ಮೂಲ ಎಣಿಕೆಯ ಪಟ್ಟಿಯೇ.

ತಿರುಗಿಸುವುದು ಇನ್ನೂ ಅಪಾಯ. ಬೆಕ್ಕಿನ ಫೋಟೋ ತಿರುಗಿಸಿದರೂ ಬೆಕ್ಕೇ. ಈ ಚೌಕವನ್ನು ಕಾಲು ಸುತ್ತು ತಿರುಗಿಸಿದರೆ ಎ ಜಾಗಕ್ಕೆ ಬೇರೆ ಅಕ್ಷರ ಬಂದು ಬೇರೆಯೇ ಸೀಕ್ವೆನ್ಸ್ ಆಗುತ್ತದೆ. ಉದಾಹರಣೆ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಪ್ರೋಗ್ರಾಂಗೆ ಉದಾಹರಣೆ ಜಾಸ್ತಿ ಮಾಡಲು ತಿರುಗಿಸುವ, ಮಗುಚುವ ಆಯ್ಕೆ ಹಾಕಿದ್ದರೆ ತೆಗೆಯಿರಿ. ಮೂಲೆಗಳ ಕ್ರಮವೂ ಒಬ್ಬೊಬ್ಬರದು ಒಂದೊಂದು. ಪೈಥಾನಿನಲ್ಲಿ ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಮೊದಲ ಸಾಲನ್ನು ಮೇಲೆ ಇಡುತ್ತದೆ, ನೀವು ಕೆಳಗಿನಿಂದ ಎಣಿಸಿರುತ್ತೀರಿ. ಬೇರೆಯವರ ಚಿತ್ರದ ಜೊತೆ ಇಡುವ ಮೊದಲು ಮೂಲೆಗಳನ್ನು ಹೊಂದಿಸಿಕೊಳ್ಳಿ.

ಮಸುಕು ಮಾಡುವ ಫಿಲ್ಟರ್ ಕೂಡ ಬೇಡ. ಚೌಕದ ನಡುಗೆರೆಯ ಎಡಕ್ಕೆ ಇರುವ ಕೆಳಗಿನ ಪಿಕ್ಸೆಲ್ ಎ ಇಂದ ಕೊನೆಯಾಗುವ ಪದ, ಬಲಕ್ಕೆ ಇರುವುದು ಟಿ ಇಂದ. ನೋಡಲು ನೆರೆಹೊರೆ, ನಂಟು ಏನೂ ಇಲ್ಲ.

ಎರಡು ಚಿತ್ರದ ದೂರ ಅಳೆಯುವುದು

ಮೊದಲು ಮನೆಗೆ ಮನೆ ಕಳೆದು ಕೂಡಿಸುವ ಮ್ಯಾನ್‌ಹಾಟನ್ ದೂರ, ಇಲ್ಲವೇ ಯೂಕ್ಲಿಡ್ ದೂರ. ಇವಕ್ಕೆ ಚಿತ್ರ ಅನ್ನುವುದೇ ಬೇಕಿಲ್ಲ, ಎಣಿಕೆಯ ಪಟ್ಟಿ ಸಾಕು. ಎಸ್‌ಎಸ್‌ಐಎಂ ಮಾತ್ರ ನಿಜವಾದ ಚಿತ್ರದ ಅಳತೆ. 2004ರಲ್ಲಿ ಫೋಟೋಗಳ ಗುಣಮಟ್ಟ ನೋಡಲು ಬಂದದ್ದು. ಸಣ್ಣ ಕಿಟಕಿಯೊಳಗೆ ಬೆಳಕು, ವ್ಯತ್ಯಾಸ, ವಿನ್ಯಾಸ ಮೂರನ್ನೂ ಹೋಲಿಸುತ್ತದೆ. ಸಿಜಿಆರ್‌ನಲ್ಲಿ ಒಂದೇ ಕಿಟಕಿಯ ಪದಗಳು ಬಹುಮಟ್ಟಿಗೆ ಒಂದೇ ಬಾಲದವು ಆಗಿರುವುದರಿಂದ ಇದಕ್ಕೆ ಅರ್ಥವಿದೆ. ಪೈಥಾನಿನ ಸೈಕಿಟ್-ಇಮೇಜ್‌ನಲ್ಲಿ ದಶಮಾಂಶ ಸಂಖ್ಯೆ ಕೊಟ್ಟರೆ ಬೆಲೆಗಳ ವ್ಯಾಪ್ತಿ ಎಷ್ಟು ಅಂತ ನೀವೇ ಹೇಳಬೇಕು. ಎಲ್ಲ ಜೋಡಿಗೂ ಒಂದೇ ವ್ಯಾಪ್ತಿ ಕೊಡಿ. ಜೋಡಿಗೊಂದು ಕೊಟ್ಟರೆ ಒಂದರ ಉತ್ತರ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ.

ನನ್ನ ಆಯ್ಕೆ ಮ್ಯಾನ್‌ಹಾಟನ್ನಿಂದ ಶುರು. ಎಸ್‌ಎಸ್‌ಐಎಂ ಅದಕ್ಕಿಂತ ಚೆನ್ನಾಗಿ ಗುಂಪು ಮಾಡಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಬಿಡಿ. ಪರೀಕ್ಷೆಗೆ ಉತ್ತರ ಗೊತ್ತಿರುವ ಲೆಕ್ಕ ಹಾಕಿ. ಮನುಷ್ಯ, ಚಿಂಪಾಂಜಿ, ಹಸು, ಒಂದು ಮೀನು, ನಾಲ್ಕರ ಮೈಟೊಕಾಂಡ್ರಿಯ ಸಾಕು. ಮನುಷ್ಯನಿಗೆ ಚಿಂಪಾಂಜಿಗಿಂತ ಮೀನು ಹತ್ತಿರ ಬಂದರೆ ಎಲ್ಲೋ ತಪ್ಪಿದೆ ಅಲ್ವಾ? ಇನ್ನೊಂದು ಪರೀಕ್ಷೆ: ಒಂದು ಸೀಕ್ವೆನ್ಸಿನ ಅಕ್ಷರಗಳನ್ನು ಕಲಸಿ ಹಾಕಿ. ಎ, ಸಿ, ಜಿ, ಟಿ ಎಣಿಕೆ ಅಷ್ಟೇ ಇರುತ್ತದೆ, ಕ್ರಮ ಹಾಳು. ಕಲಸಿದ್ದೂ ಮೂಲದ್ದೂ ಒಂದೇ ಥರ ಕಂಡರೆ ನಿಮ್ಮ ವಿಧಾನ ಅಕ್ಷರ ಎಣಿಸುತ್ತಿದೆ, ಬೇರೇನೂ ನೋಡುತ್ತಿಲ್ಲ.

ನ್ಯೂರಲ್ ನೆಟ್‌ವರ್ಕ್ ಬೇಕಾ?

ಸಾವಿರಾರು ಲೇಬಲ್ ಇರುವ ಸೀಕ್ವೆನ್ಸ್ ಇದ್ದರೆ ಯೋಚಿಸಿ. ಐವತ್ತಕ್ಕೆ ಬೇಡ. ಅದೇ ಎಣಿಕೆಯ ಪಟ್ಟಿಯನ್ನು ರ್‍ಯಾಂಡಮ್ ಫಾರೆಸ್ಟ್ ಎಂಬ ಸರಳ ಕಲಿಕೆಯ ವಿಧಾನಕ್ಕೆ ಕೊಟ್ಟು ಮೊದಲು ನೋಡಿ. ಅದೂ ಅಷ್ಟೇ ಫಲಿತಾಂಶ ಕೊಟ್ಟರೆ ಚಿತ್ರಕ್ಕೂ ಜಿಪಿಯುಗೂ ಖರ್ಚು ಯಾಕೆ? ತರಬೇತಿಗೂ ಪರೀಕ್ಷೆಗೂ ಹೆಚ್ಚುಕಡಿಮೆ ಒಂದೇ ಸೀಕ್ವೆನ್ಸ್ ಹೋಗದ ಹಾಗೆ ಮೊದಲೇ ಬೇರ್ಪಡಿಸಿ. ವೈರಸ್ ಡೇಟಾದಲ್ಲಿ ಅವಳಿಗಳು ತುಂಬಿರುತ್ತವೆ.

ಚಿತ್ರದ ಮೂಲಕ ಒಂದೊಂದು ಅಕ್ಷರ ಹಿಡಿಯುವ ಒಂದು ದಾರಿ ಇದೆ, ಗೂಗಲ್‌ನ ಡೀಪ್‌ವೇರಿಯಂಟ್. ಇದಕ್ಕೂ ಸಿಜಿಆರ್‌ಗೂ ಸಂಬಂಧವಿಲ್ಲ. ಯಂತ್ರ ಓದಿದ ತುಣುಕುಗಳನ್ನು ರೆಫರೆನ್ಸ್ ಮೇಲೆ ಮೊದಲೇ ಅಲೈನ್ ಮಾಡಿ, ಅನುಮಾನದ ಜಾಗದ ಸುತ್ತ ಸಾಲುಸಾಲಾಗಿ ಜೋಡಿಸಿ, ಅಕ್ಷರ, ಓದಿನ ಗುಣಮಟ್ಟ, ಎಳೆ ಯಾವುದು ಅನ್ನುವುದನ್ನೆಲ್ಲ ಬಣ್ಣದ ಪದರಗಳಾಗಿ ಇಟ್ಟು ನೆಟ್‌ವರ್ಕಿಗೆ ತೋರಿಸುತ್ತಾರೆ. 2016ರ ಪ್ರಿಸಿಶನ್‌ಎಫ್‌ಡಿಎ ಸ್ಪರ್ಧೆಯಲ್ಲಿ ಒಂದು ಅಕ್ಷರದ ಬದಲಾವಣೆ ಹಿಡಿಯುವುದಕ್ಕೆ ಪ್ರಶಸ್ತಿ ಪಡೆಯಿತು. ಸಿಕಲ್ ಸೆಲ್ ಥರದ ಬದಲಾವಣೆಯನ್ನು ಜೀನೋಮ್ ಡೇಟಾದಲ್ಲಿ ಹುಡುಕುವವರಿಗೆ ಬೇಕಾದ ಚಿತ್ರ ಇದು.

ಇನ್ನು ಚಿತ್ರವೇ ಬೇಡದ ಕಡೆ. ಒಂದು ಸೀಕ್ವೆನ್ಸ್ ಸಿಕ್ಕಿದೆ, ಯಾವುದರದ್ದು ಅಂತ ತಿಳಿಯಬೇಕು ಅಷ್ಟೇ ಆದರೆ ಗೊತ್ತಿರುವ ಸೀಕ್ವೆನ್ಸುಗಳಲ್ಲಿ ಹುಡುಕುವ ಬ್ಲಾಸ್ಟ್‌ಗೆ ಹಾಕಿ. ಸಾವಿರಾರು ಬ್ಯಾಕ್ಟೀರಿಯಾ ಜೀನೋಮಿನ ಪರಸ್ಪರ ದೂರ ಬೇಕಾದರೆ 2016ರಲ್ಲಿ ಬಂದ ಮ್ಯಾಶ್ ಎಂಬ ಪ್ರೋಗ್ರಾಂ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಮಾಡಿ ಮುಗಿಸುತ್ತದೆ.

ತುಂಡು ತುಂಡಾಗಿ ಸಿಕ್ಕ, ಅಲೈನ್ ಮಾಡಲು ಹತ್ತಿರದ ನಂಟ ಯಾರೂ ಇಲ್ಲದ ಸೀಕ್ವೆನ್ಸ್ ಕೈಗೆ ಬಂದರೆ ಮಾತ್ರ ನಾನು ಮೊದಲು ಎಫ್‌ಸಿಜಿಆರ್ ತೆಗೆಯುತ್ತೇನೆ. ಆರು ಅಕ್ಷರದ ಪದ, ಎರಡೂ ಎಳೆ ಕೂಡಿಸಿ, ಮ್ಯಾನ್‌ಹಾಟನ್ ದೂರ. ಹತ್ತಿರ ಬಂದ ಎರಡು ಮೂರನ್ನು ಆರಿಸಿ ಡಾಟ್ ಪ್ಲಾಟ್ ಮಾಡುತ್ತೇನೆ. ಓರೆ ಗೆರೆ ಕಂಡ ಭಾಗವನ್ನಷ್ಟೇ ಕತ್ತರಿಸಿ ಅಲೈನ್‌ಮೆಂಟಿಗೆ ಕೊಡುತ್ತೇನೆ.